ಪಿಯುಸಿ ಗಣಿತದಲ್ಲಿ ಅಂಕ ಕಡಿಮೆ, ಆದರೂ ಬಿಎಸ್ಸಿಗೆ ಗಣಿತವೇ ಬೇಕು: ನಿರ್ಧರಿಸುವುದು ಹೇಗೆ?

ಪಿಯುಸಿಯಲ್ಲಿ ಗಣಿತಕ್ಕೆ 55ರಿಂದ 70ರ ನಡುವೆ ಅಂಕ ಬಂದಿದೆ. ವಿಷಯ ಇಷ್ಟ. ಆದರೆ 'ಡಿಗ್ರಿ ಗಣಿತ ನನ್ನ ಕೈಲಿ ಆಗುತ್ತಾ' ಎಂಬ ಅನುಮಾನ ಬಿಡುತ್ತಿಲ್ಲ. ಮನೆಯಲ್ಲಿ ಬಿಕಾಂ ಸೇರು, ಬಿಸಿಎ ಸೇರು, ಸುಮ್ಮನೆ ಯಾಕೆ ಕಷ್ಟ ಎನ್ನುತ್ತಾರೆ. ಈ ಲೇಖನ ಅಂಥ ವಿದ್ಯಾರ್ಥಿಗಳಿಗಾಗಿ. ಭೌತಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಆರಿಸಿಕೊಳ್ಳಲು ಹಿಂಜರಿಯುತ್ತಿರುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

'ನನಗೆ ಅಷ್ಟು ಬುದ್ಧಿ ಇದೆಯಾ' ಎಂದು ಯೋಚಿಸುತ್ತ ಕೂತರೆ ಉತ್ತರ ಸಿಗುವುದಿಲ್ಲ. ಅದನ್ನು ಅಳೆಯುವ ಅಳತೆಗೋಲು ಯಾರ ಬಳಿಯೂ ಇಲ್ಲ. ಆದರೆ ಆ ಪ್ರಶ್ನೆಯನ್ನು ನಾಲ್ಕಾಗಿ ಒಡೆದರೆ ಒಂದೊಂದನ್ನೂ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಹಳೆಯ ಪಾಠಗಳಲ್ಲಿ ಕೊರತೆ ಎಲ್ಲಿದೆ? ಇಂಗ್ಲಿಷಿನಲ್ಲಿ ಗಣಿತ ಓದಿದರೆ ತಲೆಗೆ ಹತ್ತುತ್ತದೆಯೇ? ವಾರಕ್ಕೆ ಎಷ್ಟು ಗಂಟೆ ಕೊಡಲು ಸಾಧ್ಯ? ಅರ್ಥವಾಗದ ಒಂದು ಪುಟದ ಮುಂದೆ ಅರ್ಧ ಗಂಟೆ ಏಳದೆ ಕೂರಲು ಆಗುತ್ತದೆಯೇ? ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು ಡಿಗ್ರಿ ತರಗತಿ ಶುರುವಾಗುವವರೆಗೆ ಸಿಗುವ ಬಿಡುವಿನಲ್ಲಿ ಇದನ್ನೆಲ್ಲ ತಿಳಿದುಕೊಳ್ಳಲು ನಾಲ್ಕು ವಾರ ಸಾಕು.

ಅಂಕಪಟ್ಟಿಗಿಂತ ಉತ್ತರಪತ್ರಿಕೆ ಮುಖ್ಯ

ದ್ವಿತೀಯ ಪಿಯುಸಿ ಗಣಿತದಲ್ಲಿ ಈಗ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಹಾಗಾಗಿ '100ಕ್ಕೆ 65' ಎಂಬ ಒಂದೇ ಸಂಖ್ಯೆಯನ್ನು ನೋಡಬೇಡಿ. ಆಂತರಿಕದಲ್ಲಿ 19 ಬಂದಿದ್ದರೆ ಲಿಖಿತದಲ್ಲಿ ಸಿಕ್ಕಿರುವುದು 80ಕ್ಕೆ 46. ನಿಮಗೆ ಬೇಕಾದ ಮಾಹಿತಿ ಇರುವುದು ಕಳೆದುಹೋದ ಆ 34 ಅಂಕಗಳಲ್ಲಿ.

ಫಲಿತಾಂಶದ ನಂತರ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಲು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಅವಕಾಶ ಕೊಡುತ್ತದೆ. ಅರ್ಜಿಗೆ ಕೆಲವೇ ದಿನಗಳ ಗಡುವು ಇರುವುದರಿಂದ ಫಲಿತಾಂಶ ಬಂದ ವಾರದಲ್ಲೇ ಹಾಕಿ. ಪ್ರತಿ ಸಿಗದಿದ್ದರೆ ಅದೇ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಮತ್ತೊಮ್ಮೆ ಬರೆಯಿರಿ. ಆಮೇಲೆ ಹೋದ ಅಂಕಗಳನ್ನು ನಾಲ್ಕು ಗುಂಪು ಮಾಡಿ.

ವ್ಯಾಖ್ಯೆ ಅಥವಾ ಸೂತ್ರ ನೆನಪಾಗದೆ ಹೋದವು ಮೊದಲ ಗುಂಪು. ಲೆಕ್ಕದ ನಡುವೆ ಚಿಹ್ನೆ ತಪ್ಪಿ, ಭಿನ್ನರಾಶಿ ತಪ್ಪಿ ಹೋದವು ಎರಡನೆಯದು. ಸಮಯ ಸಾಲದೆ ಬಿಟ್ಟವು ಮೂರನೆಯದು. ನಾಲ್ಕನೆಯದು, ಸೂತ್ರ ಗೊತ್ತಿತ್ತು, ಸಮಯವೂ ಇತ್ತು, ಆದರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚಲಿಲ್ಲ ಎನ್ನುವಂಥವು.

ಮೊದಲ ಮತ್ತು ಮೂರನೇ ಗುಂಪಿನಲ್ಲಿ ಹೆಚ್ಚು ಅಂಕ ಹೋಗಿದ್ದರೆ ಡಿಗ್ರಿ ಗಣಿತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಯಾರಿ ಸಾಲದಾಗಿತ್ತು, ಅಷ್ಟೆ. ಎರಡನೇ ಗುಂಪು ದೊಡ್ಡದಿದ್ದರೆ ಬೀಜಗಣಿತಕ್ಕೆ ಕೈ ತಿರುಗಿಲ್ಲ ಎಂದರ್ಥ. ದಿನವೂ ಅಭ್ಯಾಸ ಮಾಡಿದರೆ ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ. ಗಮನ ಕೊಡಬೇಕಾದದ್ದು ನಾಲ್ಕನೆಯದಕ್ಕೆ. ಆದರೆ ಅಲ್ಲೂ ಅವಸರದ ತೀರ್ಮಾನ ಬೇಡ. ಪಿಯುಸಿಯ ಎರಡು ವರ್ಷ ಮಾದರಿ ಪ್ರಶ್ನೆಗಳನ್ನು ಉರು ಹೊಡೆದವರಿಗೆ ಹೊಸ ರೂಪದ ಪ್ರಶ್ನೆ ಎದುರಾದಾಗ ಕೈ ಓಡದಿರುವುದು ಸಹಜ. ಅದು ಅಭ್ಯಾಸದ ಕೊರತೆಯೋ ಆಸಕ್ತಿಯ ಕೊರತೆಯೋ ಎಂಬುದನ್ನು ಮುಂದಿನ ಪ್ರಯೋಗ ತೋರಿಸುತ್ತದೆ.

ಅಂದಹಾಗೆ, 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಬಯಸಿದ ಕಾಲೇಜಿನ ಕಟ್ ಆಫ್‌ಗೆ ಐದಾರು ಅಂಕ ಕಡಿಮೆ ಬಿದ್ದು, ನಷ್ಟವೆಲ್ಲ ಮೊದಲ ಮೂರು ಗುಂಪಿನದೇ ಆಗಿದ್ದರೆ ಪರೀಕ್ಷೆ-2 ಬರೆಯುವುದು ಒಳ್ಳೆಯದು. ಕಾಲೇಜಿನ ಸಮಸ್ಯೆ ಇಲ್ಲದವರು ಅಂಕ ಹೆಚ್ಚಿಸಿಕೊಳ್ಳಲೆಂದು ಬೇಸಿಗೆಯನ್ನೆಲ್ಲ ಅದಕ್ಕೇ ಸುರಿಯಬೇಡಿ. ಆ ಸಮಯ ಪ್ರಯೋಗಕ್ಕೆ ಬೇಕು.

ಡಿಗ್ರಿ ಗಣಿತ ಎಲ್ಲಿ ಬೇರೆಯಾಗುತ್ತದೆ

ಪಿಯುಸಿಯಲ್ಲಿ ಪ್ರಶ್ನೆ 'ಇದರ ಬೆಲೆ ಕಂಡುಹಿಡಿಯಿರಿ' ಎಂದಿರುತ್ತದೆ. ಡಿಗ್ರಿಯಲ್ಲಿ ನಿಧಾನವಾಗಿ ಅದು 'ಇದು ಯಾಕೆ ಸತ್ಯ, ಸಾಧಿಸಿ' ಎಂದಾಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಬದಲಾವಣೆ ಅಷ್ಟಾಗಿ ಕಾಣಿಸುವುದಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಆರಂಭದ ಪಾಠ ಮ್ಯಾಟ್ರಿಕ್ಸ್‌ನ ರ್‍ಯಾಂಕ್, ಕೇಲಿ-ಹ್ಯಾಮಿಲ್ಟನ್ ಪ್ರಮೇಯ, ಎನ್‌ನೇ ಡೆರಿವೇಟಿವ್, ಲೈಬ್ನಿಟ್ಸ್ ಪ್ರಮೇಯ, ಮೀನ್ ವ್ಯಾಲ್ಯೂ ಪ್ರಮೇಯಗಳಂಥವು. ಇವುಗಳಲ್ಲಿ ಪಿಯುಸಿ ಶೈಲಿಯ ಲೆಕ್ಕಗಳೇ ಹೆಚ್ಚು. ನಿಜವಾದ ತಿರುವು ಬರುವುದು ಗ್ರೂಪ್ ಥಿಯರಿ ಮತ್ತು ರಿಯಲ್ ಅನಾಲಿಸಿಸ್‌ನಲ್ಲಿ. ಮೊದಲ ಸೆಮಿಸ್ಟರ್‌ನಲ್ಲಿ 75 ತೆಗೆದವರು ಅಲ್ಲಿ ಎಡವುವುದಕ್ಕೆ ಇದೇ ಕಾರಣ: ವಿಷಯದ ಹೆಸರು ಅದೇ ಇದ್ದರೂ ಕೆಲಸ ಬೇರೆ.

ಇನ್ನೊಂದು ಕಾರಣ ಪಠ್ಯದಲ್ಲಿದೆ. ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ 11ನೇ ತರಗತಿಯ ಗಣಿತದಿಂದ ಇಂಡಕ್ಷನ್ ಮತ್ತು ಗಣಿತೀಯ ತರ್ಕ, ಈ ಎರಡೂ ಅಧ್ಯಾಯಗಳು ಹೋದವು. ಸಾಧನೆ (ಪ್ರೂಫ್) ಬರೆಯುವ ಅಭ್ಯಾಸ ಸ್ವಲ್ಪವಾದರೂ ಆಗುತ್ತಿದ್ದದ್ದು ಅಲ್ಲಿಯೇ. ಅವಿಲ್ಲದೆ ಬಂದವರಿಗೆ ಡಿಗ್ರಿಯ ಮೊದಲ ಸಾಧನೆ ಗೋಡೆಯ ಹಾಗೆ ಎದುರು ನಿಲ್ಲುತ್ತದೆ, ತಾವು ದಡ್ಡರೆಂದು ಅವರು ತೀರ್ಮಾನಿಸಿಬಿಡುತ್ತಾರೆ. ಕಲಿಸದೇ ಇದ್ದದ್ದು ಬರದಿದ್ದರೆ ಅದು ದಡ್ಡತನವಲ್ಲ. ಹಳೆಯ ಆವೃತ್ತಿಯ ಪಠ್ಯ ಕಾಲೇಜು ಗ್ರಂಥಾಲಯದಲ್ಲೋ ಹಿರಿಯ ವಿದ್ಯಾರ್ಥಿಗಳ ಬಳಿಯೋ ಸಿಗುತ್ತದೆ. ಆ ಎರಡು ಅಧ್ಯಾಯಗಳನ್ನು ಮೊದಲು ಓದಿ.

ಮೂರು ವಾರದ ಪ್ರಯೋಗ

ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನ. ಒಂದು 200 ಪುಟದ ಗೆರೆಯಿಲ್ಲದ ನೋಟ್‌ಬುಕ್ ಇಟ್ಟುಕೊಳ್ಳಿ. ಕೂತ ಹೊತ್ತಿನಲ್ಲಿ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಪ್ರತಿ ಪುಟದ ಮೇಲೆ ದಿನಾಂಕ, ಶುರು ಮಾಡಿದ ಸಮಯ, ಮುಗಿಸಿದ ಸಮಯ ಬರೆಯಿರಿ. ಕೊನೆಯಲ್ಲಿ ತೀರ್ಮಾನ ಮಾಡುವುದು ಈ ನೋಟ್‌ಬುಕ್ ನೋಡಿಯೇ.

ಮೊದಲ ವಾರ ಅಸಮತೆಗಳಿಗೆ ಮೀಸಲು. ಯಾಕೆಂದರೆ ರಿಯಲ್ ಅನಾಲಿಸಿಸ್‌ನಲ್ಲಿ ಸೋಲುವವರಲ್ಲಿ ಬಹಳ ಮಂದಿ ಹೊಸ ವಿಚಾರ ತಿಳಿಯದೆ ಸೋಲುವುದಿಲ್ಲ. ಮಾಡ್ಯುಲಸ್ ಮತ್ತು ಅಸಮತೆಗಳ ಹಳೆಯ ಬೀಜಗಣಿತ ಕೈಹಿಡಿಯದೆ ಸೋಲುತ್ತಾರೆ. ಒಂದು ಪರೀಕ್ಷೆ ಈಗಲೇ ಮಾಡಿ ನೋಡಿ: 1/ಎಕ್ಸ್ < 2 ಆಗುವ ಎಲ್ಲ ಎಕ್ಸ್‌ಗಳು ಯಾವುವು? ಎರಡೂ ಬದಿಯನ್ನು ಎಕ್ಸ್‌ನಿಂದ ಗುಣಿಸಿ 'ಎಕ್ಸ್ > 1/2' ಎಂದು ಬರೆದರೆ ಅರ್ಧ ಉತ್ತರ ಕಳೆದುಹೋಗುತ್ತದೆ. ಎಕ್ಸ್ ಋಣ ಸಂಖ್ಯೆಯಾದರೆ ಅಸಮತೆಯ ದಿಕ್ಕು ತಿರುಗುತ್ತದೆ. ಎಲ್ಲ ಋಣ ಸಂಖ್ಯೆಗಳೂ ಉತ್ತರದಲ್ಲಿ ಸೇರುತ್ತವೆ. ಸರಿಯಾದ ಉತ್ತರ: ಎಕ್ಸ್ < 0 ಅಥವಾ ಎಕ್ಸ್ > 1/2. ಇಂಥವನ್ನೇ ದಿನಕ್ಕೆ ಹದಿನೈದು ಮಾಡಿ. ಮಾಡ್ಯುಲಸ್ ಇರುವವು (|2ಎಕ್ಸ್ − 5| < 3 ಆದರೆ ಎಕ್ಸ್ 1 ಮತ್ತು 4ರ ನಡುವೆ), ಭಿನ್ನರಾಶಿ ಇರುವವು, ವರ್ಗ ಇರುವವು, ಎಲ್ಲ ಬಗೆಯವೂ ಇರಲಿ. ಪ್ರತಿ ಉತ್ತರವನ್ನೂ ಸಂಖ್ಯಾರೇಖೆಯ ಮೇಲೆ ಗುರುತಿಸಿ, ಗುರುತಿಸಿದ ಭಾಗದ ಒಳಗಿನದೊಂದು ಸಂಖ್ಯೆ, ಹೊರಗಿನದೊಂದು ಸಂಖ್ಯೆ ಹಾಕಿ ತಾಳೆ ನೋಡಿ.

ಎರಡನೇ ವಾರ ಸಾಧನೆಗಳು. ಈ ಹತ್ತನ್ನು ತೆಗೆದುಕೊಳ್ಳಿ:

1. ಎರಡು ಬೆಸ ಸಂಖ್ಯೆಗಳ ಮೊತ್ತ ಸಮ ಸಂಖ್ಯೆ.
2. ಒಂದು ಪೂರ್ಣಾಂಕದ ವರ್ಗ ಸಮವಾದರೆ ಆ ಪೂರ್ಣಾಂಕವೂ ಸಮ.
3. √2 ಅಭಾಗಲಬ್ಧ.
4. √3 ಅಭಾಗಲಬ್ಧ.
5. ಅದೇ ಸಾಧನೆಯನ್ನು √4ಕ್ಕೆ ಬರೆದರೆ ಯಾವ ಸಾಲಿನಲ್ಲಿ ಮುರಿಯುತ್ತದೆ?
6. ಮೊದಲ ಎನ್ ಬೆಸ ಸಂಖ್ಯೆಗಳ ಮೊತ್ತ ಎನ್‌ನ ವರ್ಗಕ್ಕೆ ಸಮ.
7. ಯಾವುದೇ ಪೂರ್ಣಾಂಕದ ಘನದಿಂದ ಅದೇ ಪೂರ್ಣಾಂಕವನ್ನು ಕಳೆದರೆ ಬರುವ ಸಂಖ್ಯೆ 6ರಿಂದ ಭಾಗವಾಗುತ್ತದೆ.
8. ಎರಡು ಒನ್-ಒನ್ ಫಂಕ್ಷನ್‌ಗಳ ಸಂಯೋಜನೆಯೂ ಒನ್-ಒನ್.
9. ಶೂನ್ಯವಲ್ಲದ ಎರಡು 2×2 ಮ್ಯಾಟ್ರಿಕ್ಸ್‌ಗಳ ಗುಣಲಬ್ಧ ಶೂನ್ಯ ಆಗಬಹುದು; ಉದಾಹರಣೆ ಕೊಡಿ.
10. ಎರಡು ಸಂಖ್ಯೆಗಳ ಮೊತ್ತದ ಮಾಡ್ಯುಲಸ್, ಅವುಗಳ ಮಾಡ್ಯುಲಸ್‌ಗಳ ಮೊತ್ತಕ್ಕಿಂತ ಹೆಚ್ಚಾಗದು.

ಒಂದೊಂದಕ್ಕೂ 30 ನಿಮಿಷ ಸ್ವಂತ ಪ್ರಯತ್ನ. ಆ ಅರ್ಧ ಗಂಟೆ ಪೆನ್ನು ನಿಲ್ಲಬಾರದು: ಸಣ್ಣ ಸಂಖ್ಯೆ ಹಾಕಿ ನೋಡಿ, ವ್ಯಾಖ್ಯೆ ಬರೆಯಿರಿ, ಚಿತ್ರ ಬಿಡಿಸಿ, ಸುಳ್ಳು ಎಂದುಕೊಂಡರೆ ಏನಾಗುತ್ತದೆ ನೋಡಿ. ಆಗದಿದ್ದರೆ ಉತ್ತರದ ಮೊದಲೆರಡು ಸಾಲು ಮಾತ್ರ ನೋಡಿ ಇನ್ನು 15 ನಿಮಿಷ. ಆಮೇಲೂ ಆಗದಿದ್ದರೆ ಪೂರ್ತಿ ಓದಿ, ಪುಸ್ತಕ ಮುಚ್ಚಿ, ಮರುದಿನ ಬೆಳಿಗ್ಗೆ ನೋಡದೆ ಬರೆಯಿರಿ.

ಎಲ್ಲಿ ತಪ್ಪುತ್ತದೆ ಎಂಬುದು ಮೊದಲ ಪ್ರಶ್ನೆಯಲ್ಲೇ ಕಾಣಿಸುತ್ತದೆ. ಹೆಚ್ಚಿನವರು ಎರಡೂ ಬೆಸ ಸಂಖ್ಯೆಗಳನ್ನು '2ಕೆ+1' ಎಂದೇ ಬರೆಯುತ್ತಾರೆ. ಆಗ ಸಾಧಿಸಿದ್ದು 'ಒಂದು ಬೆಸ ಸಂಖ್ಯೆಗೆ ಅದನ್ನೇ ಕೂಡಿದರೆ ಸಮ' ಎಂಬುದನ್ನು ಮಾತ್ರ. ಎರಡನೆಯದಕ್ಕೆ ಬೇರೆ ಅಕ್ಷರ ಬೇಕು: 2ಕೆ+1 ಮತ್ತು 2ಎಂ+1. ಇನ್ನೊಂದು ಸಾಮಾನ್ಯ ತಪ್ಪು, 3+5=8, 7+9=16 ಎಂದು ನಾಲ್ಕು ಉದಾಹರಣೆ ಕೊಟ್ಟು ಸಾಧಿಸಿದೆ ಎನ್ನುವುದು. ಐದನೇ ಪ್ರಶ್ನೆ ಇಡೀ ಪಟ್ಟಿಯಲ್ಲೇ ಅತಿ ಉಪಯುಕ್ತ. √2ರ ಸಾಧನೆಯನ್ನು ಬಾಯಿಪಾಠ ಮಾಡಿದವರಿಗೆ ಅದರ ಉತ್ತರ ಬರುವುದಿಲ್ಲ, ಅರ್ಥ ಮಾಡಿಕೊಂಡವರಿಗೆ ಬರುತ್ತದೆ. ವರ್ಗವನ್ನು 4 ಭಾಗಿಸಿದರೆ ಸಂಖ್ಯೆಯನ್ನೂ 4 ಭಾಗಿಸಲೇಬೇಕು ಎಂಬ ಸಾಲು ಸುಳ್ಳು. 2ನ್ನೇ ತೆಗೆದುಕೊಳ್ಳಿ, ಅದರ ವರ್ಗ 4, ಆದರೆ 2ನ್ನು 4 ಭಾಗಿಸುವುದಿಲ್ಲ.

ಮೂರನೇ ವಾರ ನಿಜವಾದ ಡಿಗ್ರಿ ಪಾಠ: ಲಿಮಿಟ್‌ನ ಎಪ್ಸಿಲಾನ್-ಡೆಲ್ಟಾ ವ್ಯಾಖ್ಯೆ. ಫಂಕ್ಷನ್ ತನ್ನ ಲಿಮಿಟ್‌ಗೆ ಎಷ್ಟು ಹತ್ತಿರ ಇರಬೇಕು ಎಂಬುದು ಎಪ್ಸಿಲಾನ್, ಅದಕ್ಕಾಗಿ ಎಕ್ಸ್ ಎಷ್ಟು ಹತ್ತಿರ ಬಂದರೆ ಸಾಕು ಎಂಬುದು ಡೆಲ್ಟಾ. ಯಾವುದಾದರೂ ಬಿಎಸ್ಸಿ ಪಠ್ಯಪುಸ್ತಕದಿಂದ ಆ ಅಧ್ಯಾಯವನ್ನು ಇಂಗ್ಲಿಷಿನಲ್ಲೇ ಓದಿ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ರಿಯಲ್ ಅನಾಲಿಸಿಸ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ. ಮೊದಲ ಮೂರು-ನಾಲ್ಕು ಪಾಠ ನೋಡಿ.

ಸುಲಭದ ಉದಾಹರಣೆಯಿಂದ ಶುರು ಮಾಡಿ. 3ಎಕ್ಸ್+2 ಎಂಬ ಫಂಕ್ಷನ್ ಎಕ್ಸ್ 1ಕ್ಕೆ ಹತ್ತಿರವಾದಾಗ 5ಕ್ಕೆ ಹತ್ತಿರವಾಗುತ್ತದೆ. ಫಂಕ್ಷನ್ 5ರಿಂದ ಎಷ್ಟು ದೂರ ಇದೆಯೋ ಅದು ಎಕ್ಸ್ 1ರಿಂದ ಇರುವ ದೂರದ ಮೂರು ಪಟ್ಟು. ಆದ್ದರಿಂದ ಎಪ್ಸಿಲಾನ್ ಎಷ್ಟೇ ಕೊಟ್ಟರೂ ಡೆಲ್ಟಾ = ಎಪ್ಸಿಲಾನ್/3 ಎಂದರೆ ಸಾಕು. ಮುಂದೆ ಎಕ್ಸ್‌ನ ವರ್ಗ, ಎಕ್ಸ್ 2ಕ್ಕೆ ಹತ್ತಿರವಾದಾಗ. ಇಲ್ಲಿ ದೂರ |ಎಕ್ಸ್−2| × |ಎಕ್ಸ್+2|. ಎರಡನೇ ಭಾಗ ಬದಲಾಗುತ್ತಲೇ ಇರುವುದರಿಂದ ಅದನ್ನು ಮೊದಲು ಹಿಡಿದು ನಿಲ್ಲಿಸಬೇಕು. ಎಕ್ಸ್ 2ರಿಂದ 1ಕ್ಕಿಂತ ಕಡಿಮೆ ದೂರದಲ್ಲಿದೆ ಎಂದುಕೊಂಡರೆ ಅದು 1 ಮತ್ತು 3ರ ನಡುವೆ ಇರುತ್ತದೆ, |ಎಕ್ಸ್+2| 5ಕ್ಕಿಂತ ಕಡಿಮೆ. ಹಾಗಾಗಿ ಡೆಲ್ಟಾ ಎಂದರೆ 1 ಮತ್ತು ಎಪ್ಸಿಲಾನ್/5, ಇವೆರಡರಲ್ಲಿ ಚಿಕ್ಕದು. 'ಆ 1 ಎಲ್ಲಿಂದ ಬಂತು' ಎಂದು ಬಹುತೇಕ ಎಲ್ಲರೂ ಇಲ್ಲಿ ನಿಲ್ಲುತ್ತಾರೆ. ಅದು ನಾವು ಆರಿಸಿಕೊಂಡದ್ದು. ಅರ್ಧ ಎಂದು ಆರಿಸಿದ್ದರೆ 5ರ ಜಾಗದಲ್ಲಿ 4.5 ಬರುತ್ತಿತ್ತು, ಸಾಧನೆ ಆಗಲೂ ಸರಿ. ಪಿಯುಸಿವರೆಗೆ ಒಂದೇ ಸರಿಯುತ್ತರಕ್ಕೆ ಒಗ್ಗಿದವರಿಗೆ ಈ ಸ್ವಾತಂತ್ರ್ಯ ಒಪ್ಪಿಗೆಯಾಗಲು ಮೂರ್ನಾಲ್ಕು ದಿನ ಬೇಕಾಗುತ್ತದೆ. ಅಷ್ಟು ದಿನ ಕೊಡಿ.

ಇನ್ನೊಂದು ಕಡೆ ಎಚ್ಚರ ಬೇಕು: 'ಪ್ರತಿಯೊಂದಕ್ಕೂ ಒಂದು ಇದೆ' ಮತ್ತು 'ಎಲ್ಲಕ್ಕೂ ಒಂದೇ ಇದೆ', ಇವುಗಳ ವ್ಯತ್ಯಾಸ. ಮನೆಯ ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ ಎನ್ನುವುದು ಬೇರೆ, ಎಲ್ಲ ಬೀಗಕ್ಕೂ ಆಗುವ ಒಂದೇ ಕೀಲಿಕೈ ಇದೆ ಎನ್ನುವುದು ಬೇರೆ. ಕಂಟಿನ್ಯುಯಿಟಿ ಮತ್ತು ಯೂನಿಫಾರ್ಮ್ ಕಂಟಿನ್ಯುಯಿಟಿಗಳ ನಡುವಿನ ವ್ಯತ್ಯಾಸ ಇದೇ: ಮೊದಲನೆಯದರಲ್ಲಿ ಪ್ರತಿ ಬಿಂದುವಿಗೂ ಒಂದು ಡೆಲ್ಟಾ, ಎರಡನೆಯದರಲ್ಲಿ ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ. ಎಕ್ಸ್‌ನ ವರ್ಗ ಇಡೀ ಸಂಖ್ಯಾರೇಖೆಯ ಮೇಲೆ ಮೊದಲನೆಯದಾಗಿದೆ, ಎರಡನೆಯದಾಗಿಲ್ಲ. ಇದು ಈಗಲೇ ತಲೆಗೆ ಹೋದರೆ ಮುಂದಿನ ಒಂದು ಇಡೀ ಸೆಮಿಸ್ಟರ್ ಹಗುರವಾಗುತ್ತದೆ.

ನೋಟ್‌ಬುಕ್ ಏನು ಹೇಳುತ್ತದೆ

ಹತ್ತು ಸಾಧನೆಗಳಲ್ಲಿ ಎಷ್ಟು ಸ್ವಂತವಾಗಿ ಬಂದವು ಎಂಬುದಕ್ಕೆ ಹೆಚ್ಚು ತೂಕ ಕೊಡಬೇಡಿ. ಎರಡು-ಮೂರು ಬಂದಿದ್ದರೆ ಚೆನ್ನಾಗಿಯೇ ಇದೆ. ನೋಡಬೇಕಾದದ್ದು ಮೂರು. ಮರುದಿನ ನೋಡದೆ ಎಷ್ಟನ್ನು ಸರಿಯಾಗಿ ಬರೆದಿರಿ? ಏಳು ಅಥವಾ ಹೆಚ್ಚು ಆಗಿದ್ದರೆ ಧೈರ್ಯವಾಗಿ ಸೇರಿ. ಮೂರನೇ ವಾರದ ಪುಟಗಳು ಮೊದಲ ವಾರದ ಪುಟಗಳಿಗಿಂತ ಉತ್ತಮವಾಗಿವೆಯೇ? ಎಲ್ಲಿಂದ ಶುರು ಮಾಡಿದಿರಿ ಎನ್ನುವುದಕ್ಕಿಂತ ಇದೇ ಮುಖ್ಯ ಎನ್ನುವುದು ನಮ್ಮ ಖಚಿತ ಅಭಿಪ್ರಾಯ, ಏಕೆಂದರೆ ಮೂರು ವಾರದಲ್ಲಿ ಏರುವವರಿಗೆ ಮುಂದೆ ಮೂರು ವರ್ಷವಿದೆ. ಕೊನೆಯದಾಗಿ, 18 ದಿನಗಳಲ್ಲಿ ಎಷ್ಟು ದಿನ ನಿಜವಾಗಿ ಕೂತಿರಿ? 14ಕ್ಕಿಂತ ಕಡಿಮೆಯಾಗಿದ್ದರೆ ಮೊದಲ ಎರಡರ ಫಲಿತಾಂಶ ನಂಬಬೇಡಿ. ಯಾಕೆ ಕೂರಲಾಗಲಿಲ್ಲ ಎಂದು ನೋಡಿ: ಮನೆಗೆಲಸ, ಹೊಲದ ಕೆಲಸ, ಅಂಗಡಿಯ ಕೆಲಸ ಕಾರಣವಾದರೆ ಅದು ಸಮಯದ ಪ್ರಶ್ನೆ, ಅದಕ್ಕೆ ಬೇರೆ ಪರಿಹಾರವಿದೆ. ಸಮಯವಿದ್ದೂ ದಿನವೂ ತಪ್ಪಿಸಿಕೊಳ್ಳಲು ನೆಪ ಹುಡುಕಿದ್ದರೆ, ಗಣಿತ ನಿಮಗೆ ದೂರದಿಂದ ಇಷ್ಟ, ಮಾಡಲು ಇಷ್ಟವಿಲ್ಲ ಎಂದಿರಬಹುದು. ಅದನ್ನು ಈಗ ತಿಳಿದುಕೊಂಡದ್ದು ಒಳ್ಳೆಯದೇ ಆಯಿತು.

ಅಳತೆಗೆ ಬಳಸಬಾರದ್ದೂ ಇದೆ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಗಳು ಸೊಗಸಾಗಿವೆ, ಕುತೂಹಲಕ್ಕೆ ಮಾಡಿ ನೋಡಿ. ಆದರೆ ಅವು ಬರಲಿಲ್ಲವೆಂದು ಬಿಎಸ್ಸಿ ಗಣಿತ ಬಿಡಬೇಡಿ. ಆ ಪರೀಕ್ಷೆ ಬೇರೆ ಉದ್ದೇಶದ್ದು. ಹಾಗೆಯೇ ಇರಾನಿನ ಗಣಿತಜ್ಞೆ ಮರ್ಯಮ್ ಮಿರ್ಜಾಖಾನಿ ಶಾಲೆಯಲ್ಲಿ ಒಂದು ವರ್ಷ ಗಣಿತದಲ್ಲಿ ಹಿಂದಿದ್ದು 2014ರಲ್ಲಿ ಫೀಲ್ಡ್ಸ್ ಪದಕ ಪಡೆದದ್ದು ನಿಜ. ಓದಲು ಉತ್ಸಾಹ ಬರುತ್ತದೆ. ನಿಮ್ಮ ನಿರ್ಧಾರಕ್ಕೆ ಮಾತ್ರ ನಿಮ್ಮ ನೋಟ್‌ಬುಕ್ಕೇ ಆಧಾರವಾಗಬೇಕು.

ಕನ್ನಡ ಮಾಧ್ಯಮದವರಿಗೆ

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು ಡಿಗ್ರಿಯಲ್ಲಿ ಗಣಿತ ಕಷ್ಟ ಎನ್ನುವಾಗ ಅರ್ಧ ಕಷ್ಟ ಇಂಗ್ಲಿಷಿನದು. ಸಮಾಧಾನದ ಸಂಗತಿ ಎಂದರೆ ಗಣಿತದ ಇಂಗ್ಲಿಷ್ ಬಹಳ ಚಿಕ್ಕದು. ಸುಮಾರು ಅರವತ್ತು ಪದ ಮತ್ತು ಪದಗುಚ್ಛ ಗಟ್ಟಿಯಾದರೆ ಪುಸ್ತಕ ಓದಬಹುದು: ಲೆಟ್, ಸಪೋಸ್, ಹೆನ್ಸ್, ಇಫ್ ಅಂಡ್ ಓನ್ಲಿ ಇಫ್, ಅಟ್ ಲೀಸ್ಟ್, ಅಟ್ ಮೋಸ್ಟ್, ಯುನೀಕ್, ಡಿಸ್ಟಿಂಕ್ಟ್, ಆರ್ಬಿಟ್ರರಿ, ಕಾನ್ವರ್ಸ್, ಕಾಂಟ್ರಡಿಕ್ಷನ್ ಇತ್ಯಾದಿ. ನೋಟ್‌ಬುಕ್‌ನ ಹಿಂಬದಿಯಲ್ಲಿ ಇವನ್ನು ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ, ಅದರ ಪಕ್ಕ ಒಂದು ಪೂರ್ಣ ವಾಕ್ಯ. ಅಟ್ ಮೋಸ್ಟ್ ಎಂಬುದನ್ನು 'ಹೆಚ್ಚು' ಎಂದು ಓದಿ ಅಸಮತೆಯನ್ನು ತಿರುಗಿಸಿಬಿಡುವುದು ದಿನನಿತ್ಯದ ತಪ್ಪು. ಅದರ ಅರ್ಥ 'ಹೆಚ್ಚೆಂದರೆ ಇಷ್ಟು'.

ಯೋಚನೆಯನ್ನು ಕನ್ನಡದಲ್ಲೇ ಮಾಡಿ. ಒಂದು ಪ್ರಮೇಯವನ್ನು ಗೆಳೆಯರಿಗೆ ಕನ್ನಡದಲ್ಲಿ ವಿವರಿಸಲು ಬಂದರೆ ನಿಮಗೆ ಗೊತ್ತಿದೆ ಎಂದರ್ಥ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಮಾಡಿ. ಇಡೀ ಉತ್ತರವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದರೆ ನಡುವೆ ಒಂದು ಸಾಲು ಮರೆತಾಗ ಮುಂದೆ ಹೋಗಲಾಗುವುದಿಲ್ಲ.

ಕಾಂಬಿನೇಷನ್, ಕಾಲೇಜು, ದೂರ

ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಆದ್ದರಿಂದ ಎರಡು-ಮೂರು ವರ್ಷ ಹಿರಿಯರು ಹೇಳುವ ಪಠ್ಯಕ್ರಮ, ಅಂಕ ಹಂಚಿಕೆ ನಿಮಗೆ ಅನ್ವಯಿಸದಿರಬಹುದು. ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದ ಈಗಿನ ಪಠ್ಯಕ್ರಮ ಇಳಿಸಿಕೊಂಡು, ಆರೂ ಸೆಮಿಸ್ಟರ್‌ಗಳ ಗಣಿತ ಪತ್ರಿಕೆಗಳ ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಗಣಿತದ ಜೊತೆ ಬರುವ ವಿಷಯಗಳನ್ನು ಆರಿಸುವಾಗ ವಾರದ ಗಂಟೆ ಲೆಕ್ಕ ಹಾಕಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಇದ್ದರೆ ಎರಡು ಲ್ಯಾಬ್, ಎರಡು ರೆಕಾರ್ಡ್. ರೆಕಾರ್ಡ್ ಬರೆಯುವ ಕೆಲಸವೇ ವಾರಕ್ಕೆ ಮೂರ್ನಾಲ್ಕು ಗಂಟೆ ತಿನ್ನುತ್ತದೆ. ಗಣಿತಕ್ಕೆ ಹೆಚ್ಚು ಸಮಯ ಬೇಕೆಂದು ಪ್ರಯೋಗದಲ್ಲಿ ಕಂಡುಬಂದವರಿಗೆ ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಸೈನ್ಸ್ ಜೊತೆಗಿರುವ ಕಾಂಬಿನೇಷನ್ ಒಳ್ಳೆಯದು. ಮೂರೂ ಒಂದಕ್ಕೊಂದು ಒದಗುತ್ತವೆ, ಮುಂದೆ ಗಣಿತ ಬಿಟ್ಟರೂ ಎಂಸಿಎ ದಾರಿ ತೆರೆದಿರುತ್ತದೆ. ಹೈಸ್ಕೂಲ್ ಶಿಕ್ಷಕರಾಗುವ ಆಸೆ ಇದ್ದವರು ಮಾತ್ರ ಬಿಎಡ್ ಮತ್ತು ನೇಮಕಾತಿ ನಿಯಮದಲ್ಲಿ ಯಾವ ಕಾಂಬಿನೇಷನ್ ಕೇಳುತ್ತಾರೆ ಎಂದು ಮೊದಲೇ ನೋಡಿಕೊಳ್ಳಬೇಕು.

ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ದ್ವಿತೀಯ ವರ್ಷದ ಗಣಿತ ವಿದ್ಯಾರ್ಥಿಗಳನ್ನು ಹುಡುಕಿ ಕೇಳಿ. ಗಣಿತಕ್ಕೆ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಕಳೆದ ವರ್ಷ ಅತಿಥಿ ಉಪನ್ಯಾಸಕರ ನೇಮಕ ಆಗುವವರೆಗೆ ಎಷ್ಟು ವಾರ ತರಗತಿ ನಡೆಯಲಿಲ್ಲ? ತರಗತಿ ಮುಗಿದ ಮೇಲೆ ಅನುಮಾನ ಕೇಳಿದರೆ ಹೇಳಿಕೊಡುತ್ತಾರೆಯೇ? ಸೈಲ್ಯಾಬ್ ಅಥವಾ ಮ್ಯಾಕ್ಸಿಮಾ ಎಂಬ ಗಣಿತ ತಂತ್ರಾಂಶದ ಪ್ರಾಕ್ಟಿಕಲ್ ನಿಜವಾಗಿ ಕಂಪ್ಯೂಟರ್ ಮೇಲೆ ಮಾಡಿಸುತ್ತಾರೆಯೇ? ತಮ್ಮ ಬಗ್ಗೆ ಅನುಮಾನ ಇರುವವರಿಗೆ ಹೆಸರಾಂತ ಕಾಲೇಜಿಗಿಂತ ಅನುಮಾನ ಕೇಳಲು ಒಬ್ಬ ಮೇಷ್ಟ್ರೋ ಮೇಡಮ್ಮೋ ಸಿಗುವ ಕಾಲೇಜು ಮೇಲು.

ಬಸ್ಸಿನ ಲೆಕ್ಕವನ್ನೂ ಹಾಕಿ. ಹೋಗಿ ಬರಲು ದಿನಕ್ಕೆ ಮೂರು ಗಂಟೆ ಎಂದರೆ ವಾರಕ್ಕೆ 18 ಗಂಟೆ. ಗಣಿತಕ್ಕೆ ಬೇಕಾದ ಸಮಯ ಹೋಗುವುದು ಅಲ್ಲಿಯೇ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಅರ್ಹತೆ ಇದ್ದರೆ ಅರ್ಜಿ ಕರೆದ ತಕ್ಷಣ ಹಾಕಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತೆಗೆದಿಟ್ಟುಕೊಳ್ಳಿ. ರಾಜ್ಯ ವಿದ್ಯಾರ್ಥಿವೇತನಗಳ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಪ್ರವೇಶದ ನೋಂದಣಿ ಯುಯುಸಿಎಂಎಸ್ ಜಾಲತಾಣದಲ್ಲಿ. ಎರಡರಲ್ಲೂ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಇರಲಿ.

ಮನೆಯವರ ಜೊತೆ ಮಾತು

'ಗಣಿತ ಓದಿ ಏನ್ ಮಾಡ್ತೀಯಪ್ಪ' ಎಂಬ ಪ್ರಶ್ನೆಗೆ 'ನಂಗಿಷ್ಟ' ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ದಾರಿಗಳನ್ನು ಹೇಳಿ. ಬಿಎಸ್ಸಿ ನಂತರ ಬಿಎಡ್ ಮಾಡಿ ಶಾಲೆ. ಎಂಎಸ್ಸಿ ಜೊತೆಗೆ ಬಿಎಡ್ ಇದ್ದರೆ ಪಿಯು ಕಾಲೇಜು. ಎಂಎಸ್ಸಿ ಮೇಲೆ ಕೆ-ಸೆಟ್ ಅಥವಾ ನೆಟ್ ಪಾಸಾದರೆ ಡಿಗ್ರಿ ಕಾಲೇಜು. ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಪರೀಕ್ಷೆ ಇದೆ: ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ, ಗಣಿತದವರಿಗೆ ಅಲ್ಲಿ ಒಂದು ಹೆಜ್ಜೆ ಅನುಕೂಲ. ಇದರ ಜೊತೆ ನಿಮ್ಮ ಮೂರು ವಾರದ ನೋಟ್‌ಬುಕ್ ಅಪ್ಪ-ಅಮ್ಮನ ಮುಂದಿಡಿ. ಒಳಗಿನ ಗಣಿತ ಅವರಿಗೆ ತಿಳಿಯದಿದ್ದರೂ ದಿನಾಂಕಗಳು ತಿಳಿಯುತ್ತವೆ.

ಮೊದಲ ಸೆಮಿಸ್ಟರ್

ವಾರಕ್ಕೆ ನಾಲ್ಕು ಗಂಟೆ ಗಣಿತ ತರಗತಿ ಇದ್ದರೆ ಮನೆಯಲ್ಲಿ ಎಂಟು ಗಂಟೆ ಬೇಕು. ಪ್ರತಿ ತರಗತಿಯ ದಿನ ಸಂಜೆ 40 ನಿಮಿಷ: ಅಂದಿನ ಪಾಠವನ್ನು ನೋಟ್ಸ್ ಮುಚ್ಚಿ ಮತ್ತೆ ಬರೆಯುವುದು. ಉಳಿದ ಐದು ಗಂಟೆ 20 ನಿಮಿಷ ಲೆಕ್ಕ ಮತ್ತು ಸಾಧನೆಗಳಿಗೆ. ಭಾನುವಾರ ಮೂವರು ಸೇರಿ ಒಂದು ಗಂಟೆ ಕೂತು ಒಬ್ಬೊಬ್ಬರು ಒಂದೊಂದು ಪ್ರಮೇಯ ಹೇಳಿಕೊಡಿ. ಐದಾರು ಜನ ಸೇರಿದರೆ ಹರಟೆಯಾಗುತ್ತದೆ.

ಕೆಡಿಸುವ ಅಭ್ಯಾಸಗಳು ಎಲ್ಲ ಕಡೆ ಒಂದೇ. ಪರೀಕ್ಷೆಗೆ ಎರಡು ವಾರ ಇರುವಾಗ 'ಇಂಪಾರ್ಟೆಂಟ್ ಪ್ರಶ್ನೆ'ಗಳ ಪಟ್ಟಿ ಹಿಡಿದು ಪಾಸಾಗುವುದು ಅವುಗಳಲ್ಲೆಲ್ಲ ಅಪಾಯಕಾರಿ, ಏಕೆಂದರೆ ಮೊದಲ ಸೆಮಿಸ್ಟರ್‌ನಲ್ಲಿ ಅದು ಕೆಲಸ ಮಾಡುತ್ತದೆ. ಪಾಸಾದ ಸಮಾಧಾನದಲ್ಲಿ ಅಡಿಪಾಯ ಬಿದ್ದಿಲ್ಲ ಎಂಬುದು ಗೊತ್ತಾಗುವುದೇ ಇಲ್ಲ, ಗ್ರೂಪ್ ಥಿಯರಿಯಲ್ಲಿ ಗೊತ್ತಾಗುವ ಹೊತ್ತಿಗೆ ಒಂದು ವರ್ಷದ ಬಾಕಿ ಇರುತ್ತದೆ. ವಿಡಿಯೊ ನೋಡುವುದೂ ಅಷ್ಟೇ: ನೋಡುವಾಗ ಎಲ್ಲ ಅರ್ಥವಾದಂತಿರುತ್ತದೆ. ಪ್ರತಿ ಹತ್ತು ನಿಮಿಷಕ್ಕೆ ನಿಲ್ಲಿಸಿ, ಮುಂದಿನ ಸಾಲು ಏನು ಬರುತ್ತದೆ ಎಂದು ನೀವೇ ಬರೆದು ಆಮೇಲೆ ಮುಂದುವರಿಯಿರಿ.

ಅನುಮಾನ ಕೇಳುವಾಗ 'ಏನೂ ಅರ್ಥವಾಗಲಿಲ್ಲ ಸರ್' ಎಂದರೆ ಯಾವ ಅಧ್ಯಾಪಕರಿಗೂ ಸಹಾಯ ಮಾಡುವುದು ಕಷ್ಟ. 'ನಾಲ್ಕನೇ ಸಾಲಿನವರೆಗೆ ಬಂತು ಸರ್, ಐದಕ್ಕೆ ಹೇಗೆ ಹೋದ್ರಿ ಗೊತ್ತಾಗ್ಲಿಲ್ಲ' ಎನ್ನಿ. ಬರೆದ ಹಾಳೆ ಕೈಯಲ್ಲಿರಲಿ.

ಎರಡನೇ ವರ್ಷದ ಹೊತ್ತಿಗೆ ಎಂಟಿಟಿಎಸ್ ಎಂಬ ಬೇಸಿಗೆ ತರಬೇತಿಗೆ ಅರ್ಜಿ ಹಾಕುವುದನ್ನು ಮರೆಯಬೇಡಿ. 1993ರಿಂದ ನಡೆಯುತ್ತಿರುವ ಈ ಕಾರ್ಯಕ್ರಮದಲ್ಲಿ ಉರು ಹೊಡೆಯದೆ ಯೋಚಿಸಿ ಗಣಿತ ಮಾಡುವುದನ್ನು ನಾಲ್ಕು ವಾರ ಕಲಿಸುತ್ತಾರೆ.

ಹಿಂದೆ ಸರಿಯುವ ಗೆರೆ, ಸೇರುವ ಮುಂಚೆಯೇ

ಯಾವಾಗ ಬದಲಾಯಿಸಬೇಕು ಎಂಬುದನ್ನು ಸೇರುವ ದಿನವೇ ಬರೆದಿಡಿ. ಕೆಟ್ಟ ಫಲಿತಾಂಶ ಬಂದ ದಿನ ಯಾರೂ ಸರಿಯಾಗಿ ಯೋಚಿಸುವುದಿಲ್ಲ. ಪ್ರವೇಶದ ಸಮಯದಲ್ಲೇ ಕಚೇರಿಯಲ್ಲಿ ಕಾಂಬಿನೇಷನ್ ಬದಲಾವಣೆಯ ಕೊನೆಯ ದಿನ ಕೇಳಿ ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ತರಗತಿ ಶುರುವಾದ ಕೆಲವೇ ವಾರಗಳಲ್ಲಿ ಅದು ಮುಗಿದುಹೋಗುತ್ತದೆ.

ಮೊದಲ ಇಂಟರ್ನಲ್‌ನಲ್ಲಿ ಅಂಕ ಕಡಿಮೆ ಬಂದರೆ ಏನೂ ಬದಲಾಯಿಸಬೇಡಿ, ಉತ್ತರಪತ್ರಿಕೆಯನ್ನು ಮತ್ತೆ ಆ ನಾಲ್ಕು ಗುಂಪು ಮಾಡಿ. ಮೊದಲ ಸೆಮಿಸ್ಟರ್‌ನಲ್ಲಿ ಗಣಿತ ಫೇಲಾದರೆ ನೋಟ್‌ಬುಕ್‌ನ ಗಂಟೆಗಳನ್ನು ಕೂಡಿಸಿ. ವಾರಕ್ಕೆ ಎಂಟು ಗಂಟೆ ಎಂದುಕೊಂಡದ್ದು ಮೂರಾಗಿದ್ದರೆ ಸಮಸ್ಯೆ ವೇಳಾಪಟ್ಟಿಯದು. ಬಾಕಿ ಪತ್ರಿಕೆ ಇಟ್ಟುಕೊಂಡು ಮುಂದಿನ ಸೆಮಿಸ್ಟರ್‌ಗೆ ಹೋಗಲು ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ, ನಿಮ್ಮಲ್ಲಿನ ನಿಯಮ ಓದಿಕೊಳ್ಳಿ. ವಿದ್ಯಾರ್ಥಿವೇತನದ ನವೀಕರಣಕ್ಕೆ ಪಾಸಾಗಿರಬೇಕೆಂಬ ಷರತ್ತು ಇದೆಯೇ ಎಂಬುದನ್ನೂ ಆಗಲೇ ನೋಡಿ.

ಎರಡು ಸೆಮಿಸ್ಟರ್ ಪೂರ್ತಿ ವಾರಕ್ಕೆ ಎಂಟು ಗಂಟೆ ಪ್ರಾಮಾಣಿಕವಾಗಿ ಕೊಟ್ಟೂ, ಓದಿದ ಸಾಧನೆಗಳನ್ನು ಮರುದಿನ ನೋಡದೆ ಬರೆಯುವುದು ಹತ್ತರಲ್ಲಿ ಐದಕ್ಕಿಂತ ಮೇಲೇರದಿದ್ದರೆ, ಗಣಿತದ ಅಧ್ಯಾಪಕರೊಬ್ಬರಿಗೆ ನೋಟ್‌ಬುಕ್ ತೋರಿಸಿ ನೇರವಾಗಿ ಕೇಳಿ. ಅವರೂ ಬೇಡ ಎಂದರೆ ಅದೇ ಕಾಲೇಜಿನಲ್ಲಿ ಉಳಿದ ಎರಡು ವಿಷಯಗಳ ಮೇಲೆ ಭಾರ ಹಾಕಿ ಪದವಿ ಮುಗಿಸಬಹುದು: ಗಣಿತದಲ್ಲಿ ಪಾಸಾಗುವಷ್ಟು ಓದಿ, ಕಂಪ್ಯೂಟರ್ ಸೈನ್ಸ್ ಅಥವಾ ಸಂಖ್ಯಾಶಾಸ್ತ್ರದಲ್ಲಿ ಮುಂದುವರಿಯುವುದು. ಮೊದಲಿಂದ ಬೇರೆ ಕೋರ್ಸ್ ಸೇರುವುದಾದರೆ ವರ್ಷ ಮುಗಿದ ಕೂಡಲೇ ಟಿಸಿ, ಅಂಕಪಟ್ಟಿ ಮತ್ತು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಿದ್ದರೆ ಮೈಗ್ರೇಷನ್ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಹೊಸ ಪ್ರವೇಶದ ನೋಂದಣಿ ಮುಚ್ಚುವ ಮೊದಲು ಅವು ಕೈಗೆ ಬರಬೇಕಾದರೆ ಫಲಿತಾಂಶಕ್ಕೆ ಕಾಯದೆ ಪರೀಕ್ಷೆ ಮುಗಿದ ವಾರದಲ್ಲೇ ಕಾಲೇಜು ಕಚೇರಿಗೆ ಹೋಗಿ ಕ್ರಮ ತಿಳಿದುಕೊಳ್ಳಬೇಕು.